ಲಗ್ನಪತ್ರಿಕೆಯ ಬೆನ್ನಿನ ಅಕ್ಷರಗಳು

ಗೆಳೆಯ ಆರೋಗ್ಯವಾಗಿದ್ದ ಕೊನೆಯ ದಿನ ನಾವಿಬ್ಬರೂ ನಾಗಮಂಗಲದಲ್ಲಿದ್ದೆವು. ಅವನು ಏಣಿ ಹತ್ತಿ, ಸೈಕಲ್ ಅಂಗಡಿಯ ಬೋರ್ಡಿಗೆ ಬಟರ್ ಪೇಪರ್ ಒತ್ತಿಹಿಡಿದು ಪೆನ್ಸಿಲಿನಲ್ಲಿ ಅಕ್ಷರ ತೆಗೆಯುತ್ತಿದ್ದ. ನಾನು ಕೆಳಗೆ ಏಣಿ ಹಿಡಿದಿದ್ದೆ.

“ಏನ್ರಲಾ, ಬೋರ್ಡ್ ಕದಿಯಾಕ್ ಬಂದಿದ್ದೀರಾ?” ಎಂದ ಅಂಗಡಿಯವನು.

“ಬೋರ್ಡ್ ನೀನೇ ಮಡಿಕಣ್ಣ. ಒಂದ್ ‘ಳ’ ಕೊಡು, ಸಾಕು!” ಎಂದ ಗೆಳೆಯ ಮೇಲಿನಿಂದ.

ನಾವು ಮೈಸೂರಿನಲ್ಲಿ ವಿನ್ಯಾಸ ಓದುತ್ತಿದ್ದೆವು. ಕಾಲೇಜಿನಲ್ಲಿದ್ದದ್ದು ಒಂದೇ ಕಂಪ್ಯೂಟರ್. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಹೋದರೂ ಮುಟ್ಟುವಂತಿಲ್ಲ. ಮೇಷ್ಟರು ಅದರಲ್ಲಿ ತಮ್ಮ ಹೆಸರು ಒತ್ತಿ, ಬಣ್ಣ ಬದಲಿಸಿ ತೋರಿಸಿದರು. ಆ ವರ್ಷದ ಪಾಠ ಅಷ್ಟೇ.

ಕಾಲೇಜಿನ ಪ್ರಾಜೆಕ್ಟಿಗೆಂದು ಅಂಗಡಿ ಬೋರ್ಡುಗಳ ಅಕ್ಷರ ಕೂಡಿಡಲು ನಮ್ಮ ಡೇಟಾಬೇಸನ್ನು ನಾವೇ ಮಾಡಿಕೊಂಡೆವು. ಅರಿಸಿನ ಹಚ್ಚಿದ ಲಗ್ನಪತ್ರಿಕೆಯನ್ನು ಯಾರೂ ಕಸಕ್ಕೆ ಎಸೆಯುವುದಿಲ್ಲ. ಕೇಳಿದರೆ ಕಟ್ಟುಗಟ್ಟಲೆ ಕೊಡುತ್ತಾರೆ. ಒಂದೇ ಅಳತೆಗೆ ಕತ್ತರಿಸಿ, ಖಾಲಿ ಬೆನ್ನಿಗೆ ಅಕ್ಷರ ಇಳಿಸಿ, ಮೇಲಂಚಿನಲ್ಲಿ ಸಾಲಾಗಿ ತೂತು ಹೊಡೆಯುತ್ತಿದ್ದೆವು. ಒಂದು ತೂತು ನಾಗಮಂಗಲಕ್ಕೆ, ಇನ್ನೊಂದು ನೆರಳಿರುವ ಅಕ್ಷರಕ್ಕೆ, ಹೀಗೆ. ಆ ಗುಣವಿದ್ದ ಕಾರ್ಡಿನ ತೂತನ್ನು ಅಂಚಿನವರೆಗೆ ಸೀಳುವುದು. ಇಡೀ ಕಟ್ಟಿನ ಆ ತೂತಿನೊಳಗೆ ಛತ್ರಿಕಡ್ಡಿ ತೂರಿಸಿ ಎತ್ತಿದರೆ ಸೀಳಿದ ಕಾರ್ಡುಗಳು, ಅಂದರೆ ಬೇಕಾದವು, ಮಾತ್ರ ಉದುರುತ್ತಿದ್ದವು. ಬೋರ್ಡು ಬರೆದ ಪೇಂಟರ್ ಯಾರೆಂದು ಅಂಗಡಿಯವರನ್ನು ವಿಚಾರಿಸಿ ಕಾರ್ಡಿನ ಮೂಲೆಯಲ್ಲಿ ಬರೆಯುವುದು ಅವನ ಕೆಲಸ. ಆ ಹೆಸರುಗಳು ಬೇರೆಲ್ಲೂ ಇರಲಿಲ್ಲ.

“ಇದು ತಿರುಪೆಯವರ ಕಂಪ್ಯೂಟರ್,” ಎಂದು ಮೇಷ್ಟರು ನಕ್ಕರು. ಅವರ ಶ್ರೀಮಂತ ಕಂಪ್ಯೂಟರ್ ನಮಗೆ ಒಂದಕ್ಷರವನ್ನೂ ಹುಡುಕಿಕೊಟ್ಟಿರಲಿಲ್ಲ.

ನಾಗಮಂಗಲದಿಂದ ಬಂದ ಮೇಲೆ ಅವನ ಕಣ್ಣು ಹಳದಿಯಾಯಿತು. ಮೊದಲೇ ತೆಗೆದಿದ್ದ ಕೆ.ಆರ್.ಪೇಟೆಯ ಕಾರ್ಡುಗಳನ್ನು ಮುಗಿಸುತ್ತೇನೆಂದು ಎತ್ತಿಕೊಂಡು ಮಾಕವಳ್ಳಿಯ ಮನೆಗೆ ಹೋದವನು ಕಾಮಾಲೆಯಲ್ಲಿ ತೀರಿಕೊಂಡ.

ತಿಥಿ ಕಳೆದ ಮೇಲೆ ಕಾರ್ಡು ಕೇಳಲು ಹೋದೆ. ಅವನ ಚಿಕ್ಕಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ.

“ಸಾವಿನ್ ಮನೇಲಿ ಲಗ್ನಪತ್ರಿಕೆ ಮಡಿಕತಾರೇನ್ಲಾ? ಶ್ರೀರಂಗಪಟ್ಣದಲ್ಲಿ ಬೂದಿ ಜೊತೇಲೇ ಒಳೇಗ್ ಬುಟ್ಬುಟ್ಟೊ.”

“ಹಿಂದ್ಗಡೆ ಬರ್ದಿದ್ದು ನೋಡ್ಲಿಲ್ವಾ ಮಾವ?”

“ನೋಡ್ದೆ ಕಣ್ಲಾ. ಬರೀ ಅಕ್ಸರ, ಒಂದ್ನೇ ಕ್ಲಾಸ್ ಮಗೀನಂಗೆ. ಇದ್ಕೇನ್ಲಾ ನಿಮ್ಗೆ ಕಾಲೇಜು? ಜೊತ್ಗೆ ಒಳ್ಳೆ ಛತ್ರಿ ಕಡ್ಡಿ ಬೇರೆ ಕಿತ್ತಾಕವ್ನೆ!”

ಮಗನಂಥ ಹುಡುಗ ಸತ್ತಾಗ ಬಾರದ ಸಂಕಟ ಛತ್ರಿಗಾಗಿ ಬಂದಿತ್ತು. ಎದ್ದು ಬಂದೆ.

ಉಳಿದ ಊರುಗಳ ಕಾರ್ಡುಗಳನ್ನು ಕಾಲೇಜಿಗೆ ಒಪ್ಪಿಸಿದೆ. ಮೇಷ್ಟರು ದಾರ ಬಿಚ್ಚಿಯೂ ನೋಡದೆ, “ಪಾಪ, ಹುಡುಗ ಹೋಗ್ಬಿಟ್ಟ,” ಎಂದು ಅಂಕ ಹಾಕಿದರು. ಕೆಲಸಕ್ಕೆ ಕೊಡಲಾರದವರು ಸಾವಿಗೆ ಕೊಟ್ಟರು.

ರಜೆಯಲ್ಲಿ ಕೆ.ಆರ್.ಪೇಟೆಗೆ ಒಬ್ಬನೇ ಹೋಗಿ ಅದೇ ಬೋರ್ಡುಗಳ ಅಕ್ಷರಗಳನ್ನು ಮತ್ತೆ ತೆಗೆದೆ. ಬರೆದವರು ಯಾರೆಂದು ಅಂಗಡಿಗಳಲ್ಲಿ ಕೇಳಿದೆ.

“ಯಾವನೋ ಬರ್ದ ಕಣಪ್ಪ, ಈಗ್ ಯಾರ್ಗ್ ಗೆಪ್ತಿ!”

ಅವನು ಕೇಳಿದಾಗ ಹೇಳಿದ್ದವರೂ ಇವರೇ. ಕೆ.ಆರ್.ಪೇಟೆಯ ಪೇಂಟರುಗಳ ಹೆಸರು ನನ್ನ ಹತ್ತಿರ ಒಂದೂ ಇಲ್ಲ.