ಆಯುಧಪೂಜೆಯ ದಿನ ಒತ್ತಿದ ಶಾವಿಗೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ನೋಟ್‌ಬುಕ್ ತೆಗೆದು ಕೂತಿದ್ದೇನೆ, ಬೇರೇನನ್ನೋ ಬರೆದು ಎದ್ದಿದ್ದೇನೆ. ಒಮ್ಮೆ ನಮ್ಮ ಬೀದಿಯ ಬಾವಿಯ ಬಗ್ಗೆ ಬರೆದೆ, ಒಮ್ಮೆ ಹೈಸ್ಕೂಲಿನ ಮೇಷ್ಟರ ಬಗ್ಗೆ. ಶಾವಿಗೆಯ ಸಂಗತಿ ಹಾಗೇ ಉಳಿಯಿತು. ಇನ್ನೂ ತಡಮಾಡಿದರೆ ಹೇಳುವುದಕ್ಕೆ ನಾನೇ ಇರುವುದಿಲ್ಲ.

ಅರವತ್ತರ ದಶಕದ ಮೊದಲ ಭಾಗ. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಅವ್ವ ತೀರಿಕೊಂಡ ಮೇಲೆ ಅಪ್ಪ, ಅಣ್ಣ, ನಾನು, ಮೂವರು ಗಂಡಸರು ಬೇಯಿಸಿಕೊಂಡು ತಿನ್ನುತ್ತಿದ್ದೆವು. ಹಬ್ಬದ ಸಿಹಿ ಪಕ್ಕದ ಮನೆಯಿಂದ ಬರಬೇಕಿತ್ತು. ಆ ವರ್ಷದ ಬೇಸಿಗೆಯಲ್ಲಿ ಅಣ್ಣನಿಗೆ ಮಾಂಬಳ್ಳಿಯಿಂದ ಹೆಣ್ಣು ತಂದರು. ಅತ್ತಿಗೆಯ ಮನೆಯವರೂ ಹಿಂದೆ ನೇಕಾರರೇ. ಅಜ್ಜನ ಕಾಲಕ್ಕೆ ಮಗ್ಗ ಬಿಟ್ಟು ಬೇಸಾಯಕ್ಕೆ ಇಳಿದಿದ್ದರು.

ಬಂದ ತಿಂಗಳಿಗೇ ಅತ್ತಿಗೆಗೆ ಮಗ್ಗದ ಹುಚ್ಚು ಹಿಡಿಯಿತು. ನಮ್ಮ ಬೀದಿಯ ಮನೆಗಳಲ್ಲಿ ಹೆಂಗಸರು ರಾಟೆ ತಿರುಗಿಸಿ ನೂಲು ಸುತ್ತಿಕೊಡುತ್ತಿದ್ದರೇ ಹೊರತು ಮಗ್ಗಕ್ಕೆ ಕೂರುತ್ತಿರಲಿಲ್ಲ. ಒಂದು ದಿನ ಅತ್ತಿಗೆ ಅಪ್ಪನನ್ನು ಕೇಳಿಯೇ ಬಿಟ್ಟರು.

"ಮಾವ, ನಂಗೂ ನೇಯದ ಕಲ್ಸಿಕೊಡಿ."

"ಮಗ್ಗದ ಗುಂಡೀಲಿ ಕಾಲಿಳಿಬಿಟ್ಕಂಡು ಕೂತ್ರೆ ಸೊಂಟ ಬಿದ್ದೋಯ್ತದೆ ಕಣವ್ವ."

"ಗದ್ದೆ ನಾಟಿ ಮಾಡಿರೋ ಸೊಂಟ ಇದು. ಬೀಳಾಕಿಲ್ಲ."

ಅಪ್ಪ ನಕ್ಕು ಒಪ್ಪಿದರು. ಹೊಸ ವಿದ್ಯೆಗೆ ವಿಜಯದಶಮಿಯೇ ಒಳ್ಳೆಯ ದಿನ, ಅವತ್ತು ಕೂರಿಸುತ್ತೇನೆ ಎಂದರು. ನೋಡಲು ಬೀಗರನ್ನೂ ಕರೆಯುವುದೆಂದಾಯಿತು. ಅತ್ತಿಗೆ ದಸರೆಯವರೆಗೆ ದಿನ ಎಣಿಸಿದರು.

ಹಿಂದಿನ ದಿನ ಆಯುಧಪೂಜೆ. ಅಪ್ಪ ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಅರ್ಧ ನೇಯ್ದಿದ್ದ ಧಾರೆಸೀರೆಯ ಕೆಳಗೆ ಮಣೆಯ ಮೇಲೆ ದೀಪ ಹಚ್ಚಿ ಪೂಜೆ ಮಾಡಿದರು. ಪೂಜೆಯಾದ ಮೇಲೆ ಮಾರನೆಯ ದಿನದವರೆಗೆ ಮಗ್ಗದ ಯಾವ ಸಾಮಾನನ್ನೂ ಮುಟ್ಟುವಂತಿಲ್ಲ. ನೂಲು ಕತ್ತರಿಸುವ ಕತ್ತರಿಗೂ ಅದೇ ನೇಮ. ಮಧ್ಯಾಹ್ನ ಅಣ್ಣ ಬೀಗರನ್ನು ಕರೆತರಲು ಮಾಂಬಳ್ಳಿಗೆ ಹೊರಟ. ಅಪ್ಪ ಬೀದಿಯ ಮನೆಗಳಿಗೆ ಪೂಜೆಗೆ ಹೋದರು.

ತವರಿನವರು ಬರುವಷ್ಟರಲ್ಲಿ ಒತ್ತುಶಾವಿಗೆ, ಕಾಯಿಹಾಲು ಮಾಡಿಡಬೇಕೆಂದು ಅತ್ತಿಗೆಯ ಆಸೆ. ಅವ್ವ ಹೋದ ಮೇಲೆ ನಮ್ಮ ಮನೆಯಲ್ಲಿ ಶಾವಿಗೆ ಒತ್ತಿರಲಿಲ್ಲ. ನಾನೇ ಅಟ್ಟದಿಂದ ಶಾವಿಗೆ ಒರಳನ್ನು ಇಳಿಸಿ ತೊಳೆದೆ. ಅತ್ತಿಗೆ ಅಕ್ಕಿಹಿಟ್ಟು ತೊಳಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿದರು. ಸುಡುವ ಉಂಡೆಯನ್ನು ಅವರು ಒರಳಿಗೆ ಹಾಕಬೇಕು, ನಾನು ಮೇಲಿನ ಮರದ ಹಿಡಿಯ ಮೇಲೆ ಭಾರ ಬಿಟ್ಟು ಒತ್ತಬೇಕು.

ಮೊದಲ ಉಂಡೆಗೇ ಹಿಡಿ ಲಟಕ್ಕೆಂದು ಮುರಿಯಿತು. ಒಳಗೆಲ್ಲ ಗೆದ್ದಲು ತಿಂದಿತ್ತು.

"ಅಯ್ಯೋ, ಆರೋದ್ರೆ ಕಲ್ಲಾಯ್ತದೆ ಹಿಟ್ಟು," ಎಂದು ಅತ್ತಿಗೆ ಉಂಡೆಗಳ ಮೇಲೆ ಬಟ್ಟೆ ಮುಚ್ಚಿದರು. "ಪಕ್ಕದ್ಮನೇಲಿ ಕೇಳಿ ತತ್ತೀನಿ, ತಡಿ ಮೈದ."

ನಾನು ಕಾಯಲಿಲ್ಲ. ನೇಯ್ದ ಬಟ್ಟೆ ಸುತ್ತಿದ ದಿಂಡು ಹಿಂದಕ್ಕೆ ತಿರುಗದಂತೆ ಮಗ್ಗದಲ್ಲಿ ಒಂದು ಗಟ್ಟಿ ಕೋಲು ಸಿಕ್ಕಿಸಿರುತ್ತಾರೆ. ಅದು ಕಣ್ಣಿಗೆ ಬಿತ್ತು.

"ಬ್ಯಾಡ ಕಣಪ್ಪ. ಕುಂಕುಮ ಇಟ್ಟವ್ರೆ, ಮಾವ ಕಂಡ್ರೆ ಸುಮ್ಕಿರಾಕಿಲ್ಲ."

"ಗಳಿಗೇಲಿ ತಿರ‍್ಗ ಇಕ್ಬುಡ್ತೀನಿ ಅತ್ಗೆ. ಉಂಡೆ ಹಾಕು ನೀನು."

ಕೋಲು ಎಳೆದುಕೊಂಡು ಬಂದೆ. ಮಗ್ಗದ ಕಡೆ ಹಿಂದಿರುಗಿ ನೋಡಲಿಲ್ಲ; ಕೋಲನ್ನು ಮುರಿದ ಹಿಡಿಯ ಜಾಗಕ್ಕೆ ತೂರಿಸಿ ಒತ್ತಿದೆ. ಶಾವಿಗೆ ಚೆನ್ನಾಗಿ ಇಳಿಯಿತು, ಬೆಳ್ಳಗೆ, ಎಳೆ ಎಳೆಯಾಗಿ. ಅತ್ತಿಗೆ ಬಾಳೆಲೆ ಹಿಡಿದು ಸುರುಳಿ ಸುರುಳಿಯಾಗಿ ತೆಗೆದುಕೊಂಡರು. "ನಿನ್ ಕಟ್ಕಳೋಳು ಪುಣ್ಯ ಮಾಡವ್ಳೆ ಬುಡು," ಎಂದು ನಗುತ್ತಿದ್ದರು. ಕೊನೆಯ ಉಂಡೆ ಒತ್ತಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅಷ್ಟರಲ್ಲಿ ಅಪ್ಪ ಬಂದರು.

ಕೋಲು ತೆಗೆದಾಗ ದಿಂಡು ಹಿಂದಕ್ಕೆ ತಿರುಗಿ, ಬಿಗಿದಿದ್ದ ಸೀರೆ ಜೋಲು ಬಿದ್ದಿತ್ತು. ಪುಣ್ಯಕ್ಕೆ ದೀಪ ಆರಿತ್ತು. ಆದರೆ ಹಣತೆ ಮಗುಚಿ ಎರಡು ಗೇಣು ಜರಿಯಂಚು ಎಣ್ಣೆ ಕುಡಿದಿತ್ತು. ನಾನು ಒಳಗೆ ಬಂದಾಗ ಅಪ್ಪ ಹಿಟ್ಟು ಮೆತ್ತಿದ ಕೋಲನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದರು.

"ಇದ್ನ ಯಾರು ಮುಟ್ಟಿದ್ದು?"

ಅತ್ತಿಗೆ ನನ್ನನ್ನು ನೋಡಿದರು. ನಾನೇ ಹೇಳಲಿ ಎಂದು ಕಾದರು. ನಾನು ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತೆ. ಅಪ್ಪನ ಹೊಡೆತದ ಭಯ ಅನ್ನೋಣವೆಂದರೆ ಆ ವಯಸ್ಸಿಗೆ ಹೊಡೆತವೂ ನಿಂತಿತ್ತು. ಅಪ್ಪನ ಕಣ್ಣಿನಲ್ಲಿ ಸಣ್ಣವನಾಗಲು ಇಷ್ಟವಿರಲಿಲ್ಲ, ಅಷ್ಟೇ.

"ತಪ್ಪಾಯ್ತು ಮಾವ," ಎಂದರು ಅತ್ತಿಗೆ. ಯಾರ ತಪ್ಪೆಂದು ಹೇಳಲಿಲ್ಲ.

ಅಪ್ಪ ಕೂಗಾಡಲಿಲ್ಲ. "ಮಗ್ಗ ಬುಟ್ಟ ಮನೆ ಹೆಣ್ಣು. ನಿಂಗೇನವ್ವ ಗೊತ್ತಾಯ್ತದೆ," ಎಂದು ಕೋಲು ತೊಳೆಯಲು ಬಾವಿಗೆ ಹೋದರು.

ಸಂಜೆ ಬೀಗರು ಬಂದರು. ಎಲ್ಲರೂ ಶಾವಿಗೆ ಉಂಡೆವು. ನಾನೂ ಎರಡು ಸಲ ಬಡಿಸಿಕೊಂಡೆ. ಬೆಳಿಗ್ಗೆ ಅತ್ತಿಗೆಯ ಅಪ್ಪ ಹೊಸ ಪಂಚೆ ಉಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ, ಕಾಯಿ ಹಿಡಿದು ಮಗ್ಗದ ಮುಂದೆ ನಿಂತರು.

"ಈಗ ಬ್ಯಾಡಿ ಬೀಗ್ರೆ," ಎಂದರು ಅಪ್ಪ. "ನಿಮ್ ಮಗ್ಳಿಗೆ ಮಗ್ಗದ ನೇಮ ತಿಳೀದು. ಮುಂದ್ಕೆ ನೋಡಣ."

ಆ ಹಿರಿಯರು ತಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಮಗಳ ಮುಖ ನೋಡಿದರು. ಆಗಲೂ ನಾನು ಅಲ್ಲೇ ಬಾಗಿಲಲ್ಲಿದ್ದೆ. ಒಂದೇ ಒಂದು ಮಾತು ಸಾಕಿತ್ತು.

ಅಪ್ಪ ಇರುವವರೆಗೆ ಆ 'ಮುಂದಕ್ಕೆ' ಬರಲಿಲ್ಲ. ಅತ್ತಿಗೆ ಇಪ್ಪತ್ತೈದು ವರ್ಷ ಹೊರಗಿನ ಪಡಸಾಲೆಯಲ್ಲಿ ರಾಟೆ ತಿರುಗಿಸಿದರು. ನನ್ನ ಮೇಲೆ ಒಂದು ಮಾತು ಆಡಲಿಲ್ಲ; ನನ್ನ ಮದುವೆಯಲ್ಲಿ ಅವ್ವನ ಜಾಗದಲ್ಲಿ ನಿಂತು ಆರತಿ ಎತ್ತಿದರು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಕರೆದ. "ಬಾ, ಈಗ ಕೂರು. ಯಾರ ಕೇಳ್ಬೇಕು?"

"ಈಗ್ಯಾಕೆ," ಎಂದರು ಅತ್ತಿಗೆ. "ಎಳೆ ಕಾಣಾಕಿಲ್ಲ ನಂಗೆ. ಕಣ್ಣು ಮಂಜಾಗವೆ."

ಆ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಅವರ ಕೊನೆಯ ಕಾಯಿಲೆಯಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಒಂದು ಮಧ್ಯಾಹ್ನವಿಡೀ ಕೂತಿದ್ದೆ. ಮಳೆಯ ಬಗ್ಗೆ ಮಾತಾಡಿದೆ, ಮಾಂಬಳ್ಳಿಯ ಬೆಳೆಯ ಬಗ್ಗೆ ಮಾತಾಡಿದೆ, ಕಿತ್ತಳೆ ಸುಲಿದುಕೊಟ್ಟೆ. ಅಣ್ಣ ಬಂದ ಕೂಡಲೇ ಎದ್ದು ಬಂದೆ.

ಅಂದು ಹೇಳದ್ದನ್ನು ಈಗ ಹೇಳೋಣವೆಂದರೆ ಅಪ್ಪ ಇಲ್ಲ, ಬೀಗರೂ ಇಲ್ಲ. ಆದರೆ ತಪ್ಪೊಪ್ಪಿಗೆ ಸಲ್ಲಬೇಕಾದದ್ದು ಅವರಿಗಲ್ಲ. ಕೇಳಬೇಕಾಗಿದ್ದ, ಕೇಳದೆ ಉಳಿದ ಕ್ಷಮೆ ಒಬ್ಬರದೇ: ನನ್ನ ಅಣ್ಣನ ಹೆಂಡತಿ, ಮಾಂಬಳ್ಳಿಯ ನನ್ನ ಅತ್ತಿಗೆಯದು.