ಮಹಾಂತೇಶನ ಕುರಿ ಗುರುತಿಸುವ ಫೋನು

ನನ್ನ ಮೊಮ್ಮಗ ಮಹಾಂತೇಶ ಇಳಕಲ್ಲಿನಲ್ಲಿ ಅಂಗಡಿಗಳ ಬಿಲ್ಲು ತೆಗೆಯುವ ಸಾಫ್ಟ್‌ವೇರು ಬರೆಯುತ್ತಾನೆ. ದಿನಾ ಮರೋಳದಿಂದ ಬೈಕಿನಲ್ಲಿ ಹೋಗಿ ಬರುತ್ತಾನೆ. ಅದು ನೌಕರಿ. ಅವನ ಹವ್ಯಾಸ ಬೇರೆ: ಸರಿಯಾಗಿ ನಡೆಯುತ್ತಿರುವುದನ್ನು ಬಿಚ್ಚಿ ನೋಡುವುದು. ಹೋದ ಬೇಸಿಗೆಯಲ್ಲಿ ಚಪ್ಪಾಳೆ ತಟ್ಟಿದರೆ ತಿರುಗುವ ಫ್ಯಾನು ಮಾಡಿದ. ನನ್ನ ಹೆಂಡತಿ ರಂಗವ್ವ ರೊಟ್ಟಿ ಬಡಿಯಲು ಕೂತಳು. ಒಂದು ಏಟಿಗೆ ಫ್ಯಾನು ಚಾಲೂ, ಇನ್ನೊಂದಕ್ಕೆ ಬಂದ್. ಹದಿನೆಂಟು ರೊಟ್ಟಿ ಮುಗಿಯುವುದರೊಳಗೆ ಫ್ಯಾನಿನ ಜೀವವೇ ಹೋಯಿತು.

"ಒಯ್ದು ಮಣ್ಣ ಮಾಡಿ ಬಾ," ಎಂದಳು ರಂಗವ್ವ.

ಇಂಥವನು ನನ್ನ ಕುರಿಗಳ ತಂಟೆಗೆ ಬಂದದ್ದಕ್ಕೆ ಕಾರಣ ನನ್ನ ಕಣ್ಣು. ನನ್ನ ಹೆಸರು ಹಣಮಪ್ಪ. ಪ್ರಾಯದಲ್ಲಿ ನಾನು ಪಟ್ಟದಕಲ್ಲಿನ ಹತ್ತಿರ ಹೊಳೆಯ ಈಚೆ ದಡದಲ್ಲಿ ನಿಂತು, ಆಚೆ ದಡದ ಕುರಿ ಸೀನಿದರೆ ಅದು ನಮ್ಮದೋ ಮಂದಿಯದೋ ಹೇಳುತ್ತಿದ್ದೆ. ನಾನು ಕಿವಿಗೊಟ್ಟಾಗ ಮಲಪ್ರಭೆಯೂ ಒಂದು ಗಳಿಗೆ ಹರಿಯುವುದನ್ನು ನಿಲ್ಲಿಸುತ್ತಿದ್ದಳು. ನಂಬದಿದ್ದರೆ ಬಿಡಿ, ರಂಗವ್ವನೂ ನಂಬುವುದಿಲ್ಲ. ಈಗ ಆ ಕಿವಿಯೂ ಇಲ್ಲ, ಕಣ್ಣಿಗೆ ಪೊರೆ ಬಂದು ಎಲ್ಲ ಕುರಿಗಳೂ ಕಂಬಳಿಯಂತೆ ಕಾಣುತ್ತವೆ. ಎರಡು ಸಲ ಮಂದಿಯ ಕುರಿ ಹೊಡೆದುಕೊಂಡು ಮನೆಗೆ ಬಂದೆ.

"ಇನ್ನೊಮ್ಮೆ ಹಿಂಗಾದ್ರ ಹಿಂಡಽ ಮಾರ್ತೇನಿ," ಎಂದಳು ರಂಗವ್ವ. "ಕಣ್ಣ ತೋರಿಸ್ಕೋರಿ ಅಂದ್ರ ದವಾಖಾನಿ ಹೆಸರಿಗೇ ಜ್ವರ ಬರ್ತಾವ ನಿಮಗ."

ಕುರಿ ಹೋದರೆ ನನಗೆ ಉಳಿಯುವುದು ಕಟ್ಟೆ ಮತ್ತು ಕೆಮ್ಮು. ಅದು ಮಹಾಂತೇಶನಿಗೆ ತಿಳಿಯಿತು. "ಮುತ್ಯಾ, ಅಮಾಸಿತನಕ ಟೈಮ್ ಕೊಡಸು. ಕುರಿ ಮುಂದ ಫೋನ್ ಹಿಡಿದ್ರ ನಮ್ದೋ ಅಲ್ಲೋ ಅದಽ ಹೇಳ್ತದ," ಎಂದ. ರಂಗವ್ವ ಗೊಣಗುತ್ತ ಒಪ್ಪಿದಳು.

ಫೋನಿಗೆ ಕಲಿಸಬೇಕಾದರೆ ನಮ್ಮ ಕುರಿಗಳ ಫೋಟೋ ಬೇಕು, ಮಂದಿಯ ಕುರಿಗಳ ಫೋಟೋನೂ ಬೇಕು. ಮಂದಿಯವು ಪಕ್ಕದ ಹೊಲದ ಜುಬೇರನ ಹಟ್ಟಿಯಲ್ಲಿ ಸಿಕ್ಕವು. ನಮ್ಮವುಗಳ ಮುಂದೆ ಮಾತ್ರ ರಂಗವ್ವ ಅಡ್ಡ ನಿಂತಳು. ಅಷ್ಟು ಕುರಿಗೆ ಒಂದೇ ದಿನ ಫೋನು ಹಿಡಿದರೆ ದೃಷ್ಟಿಯಾಗುತ್ತದಂತೆ. ಒಂದೊಂದರ ಹಣೆಗೂ ಬೀರಪ್ಪ ದೇವರ ಭಂಡಾರ ಹಚ್ಚಿ, ಆ ಅರಿಷಿಣದ ಬೊಟ್ಟು ಒಣಗಿದ ಮೇಲೆಯೇ ಫೋಟೋಕ್ಕೆ ಬಿಟ್ಟಳು.

ಮೊದಲ ದಿನ ಫೋನು ಒಂದೂ ತಪ್ಪು ಹೇಳಲಿಲ್ಲ. ನಾನು ಊರ ತುಂಬ ಸಾರಿ ಬಂದೆ. ಮರುದಿನ ಮಳೆ ಬಿತ್ತು. ನಮ್ಮ ಕುರಿಗಳನ್ನೆಲ್ಲ ಅದು 'ನಮ್ಮದಲ್ಲ' ಎಂದಿತು! ಮಹಾಂತೇಶ ಮೂರು ದಿನ ತಾನು ಬರೆದ ಪ್ರೋಗ್ರಾಮಿನ ಒಂದೊಂದು ಸಾಲನ್ನೂ ಹೇನು ಹೆಕ್ಕುವಂತೆ ಹೆಕ್ಕಿದ. ಬೆಳಕು ಬದಲಿಸಿದ, ಫೋನು ಬದಲಿಸಿದ, ಊಟದ ಹೊತ್ತು ಬದಲಿಸಿದ. ಏನೂ ಸಿಗಲಿಲ್ಲ. ನಾಲ್ಕನೆಯ ದಿನ ನಾನು ಪೂಜೆ ಮುಗಿಸಿ ಹಣೆಗೆ ಭಂಡಾರ ಹಚ್ಚಿಕೊಂಡು ಅವನ ಎದುರು ಕೂತೆ. ಫೋನು ನನ್ನ ಕಡೆ ತಿರುಗಿತ್ತು.

"ನಮ್ಮದು. ನೂರಕ್ಕೆ ತೊಂಬತ್ತೆಂಟು," ಎಂದಿತು.

ಮಹಾಂತೇಶ ನನ್ನ ಹಣೆ ಒರೆಸಿ ಮತ್ತೆ ಹಿಡಿದ. "ನಮ್ಮದಲ್ಲ." ಅರಿಷಿಣ ಬಳಿದ ಹೊಸ್ತಿಲಿಗೆ ಹಿಡಿದ. ಹೊಸ್ತಿಲೂ ನಮ್ಮ ಕುರಿಯೇ.

"ಅಮ್ಮಾ! ಇದು ಕುರಿ ಮುಖಾನ ನೋಡಿಲ್ಲಬೇ. ನಿನ್ನ ಭಂಡಾರ ನೋಡೈತಿ!" ಎಂದು ಅಜ್ಜಿಯನ್ನು ಕೂಗಿದ.

"ನೋಡ್ಲಿ ಬಿಡು, ದೇವರ ಮ್ಯಾಲ ಭಕ್ತಿ ಐತಿ ಅದಕ್ಕ."

ಭಂಡಾರವಿಲ್ಲದೆ ಇನ್ನೊಮ್ಮೆ ಫೋಟೋ ತೆಗೆಯುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. ಆಗ ಮಹಾಂತೇಶ ತಲೆ ಓಡಿಸಿದ: ಎರಡೂ ಹಿಂಡಿಗೆ ಹಚ್ಚಿದರೆ ಫೋನು ಬೇರೆ ದಾರಿಯಿಲ್ಲದೆ ಮುಖ ನೋಡಲೇಬೇಕು. ಜುಬೇರನನ್ನು ಕೇಳಿದ.

"ಹಚ್ಚೋ ಮಾರಾಯಾ," ಎಂದ ಜುಬೇರ. "ನಮ್ಮ ಕುರಿಗೂ ಒಂದಿನ ಮದುವಿ ಕಳಿ ಬರ್ಲಿ."

ಫೋಟೋ ಎಲ್ಲ ಮತ್ತೆ ತೆಗೆದು, ಫೋನಿಗೆ ಮತ್ತೆ ಕಲಿಸಲು ಹತ್ತು ದಿನ ಹಿಡಿಯಿತು.

ಅಮಾವಾಸ್ಯೆಯ ಬೆಳಿಗ್ಗೆ ಪರೀಕ್ಷೆ. ಹಿಂಡಿಗೆಲ್ಲ ಭಂಡಾರ ಹಚ್ಚಿ ರಂಗವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಜುಬೇರ ಬೇವಿನ ಕಡ್ಡಿ ಜಗಿಯುತ್ತ ಬೇಲಿಗೆ ಆತುಕೊಂಡ. ಹಟ್ಟಿಯಿಂದ ಒಂದೊಂದೇ ಕುರಿ ಹೊರಗೆ ಬಂತು. ನಮ್ಮದು, ನಮ್ಮದು, ನಮ್ಮದು. ನನ್ನ ಎದೆ ಉಬ್ಬುತ್ತಾ ಹೋಯಿತು. ಕೊನೆಗೊಂದು ಕರಿ ಕುರಿ ಬಂತು.

"ನಮ್ಮದಲ್ಲ."

ಮಹಾಂತೇಶನ ಮುಖ ಸುಣ್ಣವಾಯಿತು. ನಾನು ಅವನನ್ನು ಉಳಿಸಲು ಮುಂದೆ ಹೋದೆ. "ಫೋನಿಗೇನ ತಿಳೀತದ? ಇದರ ಅವ್ವನ ಹೆರಿಗಿ ಮಾಡಿಸಿದಾಂವ ನಾ! ಇದು ನಮ್ದಽ."

ಜುಬೇರ ಬಾಯಿಂದ ಕಡ್ಡಿ ತೆಗೆದ. "ಕಾಕಾ, ಸಿಟ್ಟಾಗಬ್ಯಾಡ್ರಿ. ಅದು ನಮ್ದು. ನಿಮ್ಮ ಹಿಂಡಿನಾಗ ಬಂದು ನಾಕು ದಿನಾತು. ನಿಮ್ಮ ಮನಸಿಗೆ ಹತ್ತತದಂತ ಸುಮ್ಮನಿದ್ದೆ."

ನಾನು ರಂಗವ್ವನನ್ನು ನೋಡಿದೆ. ಅವಳು ಆಕಾಶ ನೋಡುತ್ತಿದ್ದಳು. ಅವಳಿಗೂ ನಾಲ್ಕು ದಿನದಿಂದ ಗೊತ್ತಿತ್ತು. ಗಂಡನೋ ಫೋನೋ ಯಾರು ಮೊದಲು ಹಿಡಿಯುತ್ತಾರೆಂದು ಕಾದಿದ್ದಳು.

"ಹಿಂಡ ಇರ್ಲಿ," ಎಂದಳು. "ಮಾಂತೂ, ಫೋನ್ ಮುತ್ಯಾನ ಕೊರಳಿಗೆ ಕಟ್ಟು. ನಾಳೆ ಮುತ್ಯಾನ್ನ ಬಾಗಲಕೋಟಿ ಕಣ್ಣಿನ ದವಾಖಾನಿಗೆ ಕಟ್ಟಿಗೊಂಡು ಹೋಗು."

ಮರುದಿನ ಹೊರಡುವಾಗ ನನ್ನ ಹಣೆಗೆ ಅಂಗೈಯಗಲ ಭಂಡಾರ ಬಡಿದಳು. ಮಹಾಂತೇಶನಿಗೆ ಕೈ ಸುಮ್ಮನಿರಲಿಲ್ಲ, ಕೊನೆಯದಾಗಿ ನನ್ನ ಮುಖಕ್ಕೆ ಫೋನು ಹಿಡಿದ.

"ನಮ್ಮದಲ್ಲ," ಎಂದಿತು ಫೋನು, ತಡವರಿಸದೆ.

"ರಿಪೇರಿ ಪಕ್ಕಾ ಆತು ಮುತ್ಯಾ!" ಎಂದು ಅವನು ಕುಣಿದ.

"ಹಂಗಾರ ಅಲ್ಲೇ ಬಿಟ್ಟು ಬಾ," ಎಂದಳು ರಂಗವ್ವ, ನನ್ನ ಬುತ್ತಿಗೆ ಇನ್ನೊಂದು ರೊಟ್ಟಿ ಇಡುತ್ತ.