ಫೈಬರ್ ಅಕ್ಕ ಹಗ್ಗ ಬಿಟ್ಟ ದಿನ

ಹೋದ ವಾರ ಫೈಬರ್ ಅಕ್ಕನ ಅಣ್ಣ ನನ್ನ ಅಂಗಡಿಗೆ ಬಂದು, ರೆಕ್ಸಿನ್ ಕತ್ತರಿಸುವ ಮೇಜಿನ ಮೇಲೆ ಒಂದು ನೈಲಾನ್ ಹಗ್ಗದ ಸುರುಳಿ ಇಟ್ಟರು. ಒಂದು ಕಾಲಕ್ಕೆ ನೀಲಿಯಾಗಿದ್ದ ಹಗ್ಗ, ಈಗ ಬೂದಿ ಬಣ್ಣಕ್ಕೆ ತಿರುಗಿತ್ತು. ತುದಿಯಲ್ಲಿ ಹಿಡಿಕೆಗೆಂದು ಕಟ್ಟಿದ್ದ ಬಿದಿರಿನ ತುಂಡು ಹಾಗೇ ಇತ್ತು. ಆ ಗಂಟು ನನ್ನದು. ಲಾರಿ ಸೀಟು ಹೊಲಿಯುವವನು ಹಾಕಿದ ಗಂಟು ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಹಗ್ಗವನ್ನು ಮೂಗಿಗೆ ಹಿಡಿದೆ. ಇಷ್ಟು ವರ್ಷದ ಮೇಲೆ ಮಾರಿಕಣಿವೆ ಅಣೆಕಟ್ಟಿನ ನೀರಿನ ವಾಸನೆ ಎಲ್ಲಿ ಉಳಿದೀತು... ಆದರೂ ಹಿಡಿದೆ.

ಹೆದ್ದಾರಿ ಅಗಲವಾಗುವ ಮೊದಲು, ಹಿರಿಯೂರಿನಲ್ಲಿ ನನ್ನ ಕುಷನ್ ಅಂಗಡಿಯ ಗೋಡೆಗೆ ಅಂಟಿಕೊಂಡೇ ಅವಳ ತಗಡಿನ ಶೆಡ್ಡು ಇತ್ತು. ಗಂಡನ ಮನೆ ಬಿಟ್ಟು ಬಂದವಳು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫೈಬರ್ ಕೆಲಸ ಕಲಿತು, ಊರಿಗೆ ಮರಳಿ ಲಾರಿ ಬಂಪರು, ಬಸ್ಸಿನ ಮುಖ ರಿಪೇರಿ ಮಾಡುತ್ತಿದ್ದಳು. ಸೀರೆಯ ಮೇಲೆ ಖಾಕಿ ಶರ್ಟು, ಮೈತುಂಬ ಗಾಜಿನ ನಾರಿನ ತುರಿಕೆ. ಹೊಸ ಡ್ರೈವರುಗಳು ಬಂದು "ಮಾಲೀಕರು ಎಲ್ಲಿ?" ಅಂದರೆ, "ನಿನ್ ಮುಂದೆ ನಿಂತೋಳು ಯಾರು ಅನ್ಕಂಡಿಯಪ್ಪ?" ಅನ್ನುತ್ತಿದ್ದಳು. ನನಗಿಂತ ಎರಡು ವರ್ಷಕ್ಕೆ ದೊಡ್ಡವಳು, ಜಗಳದಲ್ಲಿ ಇಪ್ಪತ್ತು ವರ್ಷಕ್ಕೆ.

ಶೆಡ್ಡಿನ ಜಾಗ ಮಾತ್ರ ಅವಳ ಅಣ್ಣನದು. ತೆಂಗಿನಕಾಯಿ ಮಂಡಿ ಇಟ್ಟಿದ್ದ ಭಾರಿ ಆಳು. ಆಗ ಅವರು ಕೂತರೆ ಬೆಂಚು ಮುಲುಗುತ್ತಿತ್ತು. ತಂಗಿ ಗಂಡನ ಮನೆಗೆ ಹಿಂತಿರುಗಬೇಕು, ಇಲ್ಲವೇ ಮನೆಯಲ್ಲಿರಬೇಕು, ಲಾರಿಯವರ ನಡುವೆ ಇರಬಾರದು ಎಂಬುದು ಅವರ ಒಂದೇ ಹಾಡು.

ಒಂದು ಸಲ ಗಾಜಿನ ನಾರಿಗೆ ಸುರಿಯುವ ರೆಸಿನ್ ಅಂಟಿನ ಡಬ್ಬಗಳ ಜೊತೆ ಯಾವುದೋ ವಿದೇಶಿ ಪತ್ರಿಕೆಯ ಹಾಳೆ ಬಂತು. ಅದರಲ್ಲಿ ಒಬ್ಬ ಹೆಂಗಸು, ದೋಣಿಯ ಹಿಂದೆ ಏಳುವ ಅಲೆಯ ಮೇಲೆ ಹಲಗೆ ಇಟ್ಟು ನಿಂತಿದ್ದಳು. ಅಕ್ಕ ಆ ಚಿತ್ರವನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ನೋಡಿದಳು. ಆಮೇಲೆ ನನ್ನನ್ನು ಕರೆದು, "ಕೈ ನೋಡು. ಕೈಯಾಗೆ ಹಗ್ಗನೇ ಇಲ್ಲ. ಅಲೆನೇ ಆಕೀನ ತಳ್ಕಂಡು ಹೋಗ್ತೈತೆ," ಅಂದಳು. ಆ ಹಲಗೆಯೂ ಫೈಬರಿನದೇ ಎಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಗಿತ್ತು. ಅಲ್ಲಿಗೆ ಮುಗಿಯಿತು, ತಾನೂ ಹಾಗೆ ನಿಲ್ಲಬೇಕೆಂಬ ಹಠ ತಲೆಗೆ ಹೊಕ್ಕಿತು.

ಸುದ್ದಿ ಟೀ ಅಂಗಡಿಗೆ ತಲುಪಲು ಎಷ್ಟು ಹೊತ್ತು! ಅಣ್ಣ ಅಲ್ಲೇ ಎಲ್ಲರೆದುರು ನಕ್ಕರು. ಅಕ್ಕ ಲೋಟ ಕೆಳಗಿಟ್ಟಳು. "ಮಾರಿಕಣಿವೆ ನೀರಾಗೆ, ನಾನು ಮಾಡಿದ ಹಲಗೆ ಮ್ಯಾಲೆ, ಹಗ್ಗ ಬಿಟ್ಟು ನಿಲ್ತೀನಿ. ನಿಲ್ಲಲಿಲ್ಲ ಅಂದ್ರೆ ಶೆಡ್ಡಿನ ಬೀಗ ನಿನ್ನ ಕೈಗೆ. ನಿಂತ್ರೆ, ಇನ್ನೊಂದು ದಿನ ಶೆಡ್ಡು ಬಿಡು ಅನ್ನೋ ಮಾತು ಎತ್ತಬಾರ್ದು." ಅಣ್ಣ ಒಪ್ಪಿದರು. ಬೀಗ ಕೈಗೆ ಬಂದೇಬಿಟ್ಟಿತು ಎಂದುಕೊಂಡಿರಬೇಕು.

ಮೊದಲ ಹಲಗೆಯ ಕಥೆ ನೆನೆದರೆ ಈಗಲೂ ನಗು ಬರುತ್ತದೆ. ಆಗ ಬರಲಿಲ್ಲ. ಮದುವೆ ಮಂಟಪಕ್ಕೆ ವಧೂವರರ ಹೆಸರು ಕತ್ತರಿಸಿ ಅಂಟಿಸುತ್ತಾರಲ್ಲ, ಆ ಥರ್ಮೋಕೋಲನ್ನೇ ಒಂದರ ಮೇಲೊಂದು ಅಂಟಿಸಿ, ಆಳುದ್ದಕ್ಕೆ ಚಂದವಾಗಿ ಉಜ್ಜಿ ಆಕಾರ ಕೊಟ್ಟಳು. ಅದರ ಮೇಲೆ ಗಾಜಿನ ನಾರು ಹಾಸಿ ಬಂಪರಿಗೆ ಬಳಸುವ ರೆಸಿನನ್ನೇ ಸುರಿದಳು. ಅಚ್ಚಿನಲ್ಲಿ ಬಂಪರು ತೆಗೆದು ಅಭ್ಯಾಸವಾಗಿದ್ದ ಕೈ. ಆ ರೆಸಿನ್ ಥರ್ಮೋಕೋಲನ್ನು ತಿನ್ನುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗಂತೂ ಇಲ್ಲ. ಹಲಗೆ ನಮ್ಮ ಕಣ್ಣೆದುರೇ ಬುಸ್ಸೆಂದು ಕುಸಿಯಿತು. ಅಣ್ಣ ಬಂದು ನೋಡಿದರು. ಅಕ್ಕ ರೆಸಿನನ್ನು ಬೈಯುತ್ತಿದ್ದಳು. "ಕುಣಿಯಾಕೆ ಬರ್ದಾಕಿ ನೆಲ ಡೊಂಕು ಅಂದ್ಲಂತೆ," ಎಂದು ಹೇಳಿ ಹೋದರು.

ದಾರಿ ತೋರಿಸಿದ್ದು ನನ್ನ ಅವ್ವ. ನಮ್ಮದು ಕಂಬಳಿ ನೇಯುವ ಮನೆ. ಉಣ್ಣೆಯ ನೂಲಿಗೆ ಬಿಗಿ ಬರಲೆಂದು ಹುಣಸೆ ಬೀಜ ಹುರಿದು, ನೆನೆಸಿ, ರುಬ್ಬಿ, ಕುದಿಸಿ ಅಂಟು ಕಾಯಿಸುತ್ತಾರೆ. ಕುಸಿದ ಹಲಗೆಯನ್ನು ತಿರುಗಿಸಿ ನೋಡಿ ಅವ್ವ, "ಎಣ್ಣೆ ತಲಿ ಮ್ಯಾಲೆ ಬಿಳಿ ಸೆರಗು ಹೊದೆಯೋರು ಏನ್ ಮಾಡ್ತಾರೆ? ನಡುವೆ ಒಂದು ಬಟ್ಟೆ ಹಾಕ್ಕಂತಾರೆ," ಅಂದಳು. ಅಷ್ಟೇ. ಹೊಸ ಥರ್ಮೋಕೋಲಿಗೆ ಹಳೆಯ ಪಂಚೆ ಸುತ್ತಿ, ಮೇಲಿಂದ ಮೇಲೆ ಹುಣಸೆ ಬೀಜದ ಅಂಟು ಬಳಿದೆವು. ಹಿರಿಯೂರಿನ ಬಿಸಿಲಿಗೆ ಅದು ನಾಲ್ಕು ದಿನದಲ್ಲಿ ಮಡಕೆಯ ಹಾಗೆ ಗಟ್ಟಿಯಾಯಿತು. ಅದರ ಮೇಲೆ ರೆಸಿನ್ ಬಿದ್ದಾಗ ಅಕ್ಕ ಉಸಿರು ಹಿಡಿದು ನಿಂತಿದ್ದಳು... ಏನೂ ಆಗಲಿಲ್ಲ. ಕಾಲು ಜಾರದಿರಲು ಬಸ್ಸಿನ ನೆಲಕ್ಕೆ ಹಾಕುವ ಬೊಬ್ಬೆ ಬೊಬ್ಬೆ ರಬ್ಬರನ್ನು ನಾನು ಅಂಟಿಸಿಕೊಟ್ಟೆ. ನನ್ನ ಪಾಲೂ ಇರಲಿ ಎಂದು.

ಆ ವರ್ಷ ಕಣಿವೆಯಲ್ಲಿ ನೀರು ಚೆನ್ನಾಗಿತ್ತು. ಮೀನಿನ ಗುತ್ತಿಗೆಯವರ ಡೀಸೆಲ್ ದೋಣಿಯನ್ನು ಒಂದು ಭಾನುವಾರಕ್ಕೆ ಕೇಳಿದ್ದೆವು. ನೀರು ತಳ್ಳುವ ಅದರ ಪಂಖ ದೋಣಿಯ ಅಡಿಯಲ್ಲಿತ್ತು, ಹಿಂದೆ ಇರುವವರಿಗೆ ತಾಗುವ ಭಯವಿರಲಿಲ್ಲ. ಅಕ್ಕ ಅಂದು ಸೀರೆ ಬಿಟ್ಟು ಖಾಕಿ ಪ್ಯಾಂಟು ಹಾಕಿ, ಸೊಂಟಕ್ಕೆ ಬೆಂಡು ಕಟ್ಟಿ ಬಂದಳು. ದಡದಲ್ಲಿದ್ದವರಿಗೆ ಆಡಿಕೊಳ್ಳಲು ಅಷ್ಟು ಸಾಕಾಗಿತ್ತು. ಅವಳು ಒಬ್ಬರ ಕಡೆಯೂ ತಿರುಗಲಿಲ್ಲ.

ಮೊದಲ ಸುತ್ತಿನಲ್ಲಿ ಅಲೆಯೇ ಏಳಲಿಲ್ಲ. ನೀರು ಸ್ವಲ್ಪ ಸುಕ್ಕಾಯಿತು, ಅಷ್ಟೆ. ಅಕ್ಕ ಜೇಬಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಚಿತ್ರ ತೆಗೆದು ನೋಡಿದಳು. ಚಿತ್ರದ ದೋಣಿ ಹಿಂದಿನ ಒಂದು ಮೂಲೆಗೆ ವಾಲಿ, ನೀರಿನೊಳಗೆ ಇಳಿದಿತ್ತು. ನಾವು ಆ ಮೂಲೆಗೆ ಮರಳಿನ ಚೀಲ ಹೇರಿದೆವು. ಅಲೆ ಮೊಣಕಾಲಿಗೆ ಬಂತು. ಸಾಲದು. ಅಕ್ಕ ದಡದ ಕಡೆ ನೋಡಿದಳು. ಬೀಗ ಇಸಿದುಕೊಳ್ಳಲು ಬಂದಿದ್ದ ಅಣ್ಣ ಅಲ್ಲಿ ಕಲ್ಲಿನ ಮೇಲೆ ಕೂತಿದ್ದರು.

"ಅಣ್ಣ, ಬಾ, ದೋಣ್ಯಾಗೆ ಕುಂತ್ಕ. ನಿನ್ನ ತೂಕ ಬೇಕಾಗೈತೆ!"

ದಡವೆಲ್ಲ ನಕ್ಕಿತು. ಅವರು ಯಾಕೆ ಎದ್ದರೋ ನನಗೆ ಇಂದಿಗೂ ತಿಳಿಯದು. ಬಾರದಿದ್ದರೆ ಗೆಲುವು ಅವರದೇ ಇತ್ತು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಬಂದು ಆ ಮೂಲೆಯಲ್ಲಿ ಕೂತರು. ದೋಣಿ ವಾಲಿತು. ಇಂಜಿನ್ ಗುಡುಗಿದಾಗ ಹಿಂದೆ ಸೊಂಟದೆತ್ತರದ ಅಲೆ ಎದ್ದಿತು.

ಅಕ್ಕ ಎರಡು ಸಲ ಬಿದ್ದಳು. ಮೂರನೆಯ ಸಲ ಹಗ್ಗ ಹಿಡಿದು ಎದ್ದು ನಿಂತಳು, ಮೊಣಕಾಲು ಬಗ್ಗಿಸಿ ಸಾವರಿಸಿಕೊಂಡಳು, ಹಿಡಿಕೆಯನ್ನು ದೋಣಿಯತ್ತ ಎಸೆದಳು. ಅದು ಅಣ್ಣನ ಮಡಿಲಿಗೇ ಬಿತ್ತು. ಅವರು ಗಾಬರಿಯಿಂದ ಅದನ್ನು ತಿರುಗಿ ಅವಳತ್ತ ಎಸೆದು, "ಹಿಡ್ಕಳೇ! ಬೀಳ್ತೀಯ!" ಎಂದು ಕೂಗಿದರು. ಅವಳು ಅದನ್ನು ಮುಟ್ಟಲಿಲ್ಲ. "ನೀನೇ ಇಟ್ಕ, ಅಣ್ಣ!" ಎಂದು ಕಿರುಚಿದಳು. ಅವರು ಹಗ್ಗವನ್ನು ಎಳೆದುಕೊಂಡು ಎದೆಗೆ ಒತ್ತಿ ಹಿಡಿದರು. ಅಕ್ಕ ನಿಂತೇ ಇದ್ದಳು, ನಗುತ್ತಾ, ಎರಡೂ ಕೈ ಖಾಲಿ... ಎಷ್ಟು ಹೊತ್ತು ಎಂದು ಕೇಳಬೇಡಿ. ಸಾಕಾಗುವಷ್ಟು.

ಶೆಡ್ಡು ಮುಚ್ಚಲಿಲ್ಲ. ಮುಂದೆ ಹೆದ್ದಾರಿ ಅಗಲವಾಗಿ ಎರಡೂ ಅಂಗಡಿ ಎದ್ದುಹೋದಾಗ, ಬೇರೆ ಬೀದಿಯಲ್ಲಿ ಮತ್ತೆ ತೆರೆದಳು, ನಾನೂ ಪಕ್ಕದಲ್ಲೇ ತೆರೆದೆ. ಎದೆಯ ಕಾಯಿಲೆಯಿಂದ ಮಲಗುವವರೆಗೂ ಕೆಲಸ ಮಾಡಿದಳು. ಅವಳು ಹೋದಾಗ "ಪಾಪ, ಒಂಟಿ ಹೆಂಗಸು" ಎಂದವರ ಜೊತೆ ನಾನು ಸಾವಿನ ಮನೆಯಲ್ಲೇ ಜಗಳವಾಡಿದೆ. ಇವತ್ತು ಅಂದರೆ ಇವತ್ತೂ ಆಡುತ್ತೇನೆ. ಆ 'ಪಾಪ'ವನ್ನು ಅವಳ ಹೆಸರಿಗೆ ಅಂಟಿಸಲು ನಾನು ಬಿಡುವುದಿಲ್ಲ. ಆದರೆ ಪಕ್ಕದ ಗೋಡೆಯಿಂದ ಉಪ್ಪುಕಾಗದ ಉಜ್ಜುವ ಸದ್ದು ಬರುವುದಿಲ್ಲವಲ್ಲ, ಅದಕ್ಕೆ ಯಾರ ಜೊತೆ ಜಗಳವಾಡಲಿ?

ಹಲಗೆ ನನ್ನ ಅಂಗಡಿಯ ಗೋಡೆಯ ಮೇಲಿದೆ. ಹೋದ ವಾರ ಅಣ್ಣ ಅದನ್ನು ತಲೆಯೆತ್ತಿ ನೋಡುತ್ತಾ ನಿಂತರು. ಈಗ ಅವರು ಬಹಳ ಇಳಿದುಹೋಗಿದ್ದಾರೆ. ಯಾವ ದೋಣಿಯೂ ವಾಲಲಾರದು. "ಹಲಗೆ ಇಲ್ಲೇ ಐತಲ್ಲ, ಜೊತಿಗೆ ಹಗ್ಗನೂ ಇರ್ಲಿ," ಎಂದರು.

ನಾನು ಸುರುಳಿಯನ್ನು ಎತ್ತಿ ಅವರ ಕೈಗೇ ಕೊಟ್ಟೆ. "ಇದನ್ನ ಅಕ್ಕ ನಿಮಗೆ ಕೊಟ್ಟಿದ್ದು ಅಣ್ಣಾರೆ. ನೀವೇ ಇಟ್ಕಳ್ರಿ."

ಅವರು ಅಂದು ದೋಣಿಯಲ್ಲಿ ಹಿಡಿದಿದ್ದ ಹಾಗೇ ಹಗ್ಗವನ್ನು ಎದೆಗೆ ಒತ್ತಿಕೊಂಡು, ನಿಧಾನಕ್ಕೆ ರಸ್ತೆ ದಾಟಿ ಹೋದರು.